ಫ್ಯಾಫ್

ಸೋಮವಾರ ಹೋಗಬಾರದಿತ್ತು ಯಾರ ಮನೆಗೂ.
ಕ್ಯಾಲ್ಡರ್ ಕಣಿವೆಯಲ್ಲಿ ಸೋಮವಾರವೆಂದರೆ ಬಟ್ಟೆ:
ಬೀದಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ,
ಹಗ್ಗದ ತುಂಬ ಊರಿನ ಒಳಗುಟ್ಟು.
ಕಲ್ಲಿದ್ದಲ ಗಾಡಿಯವನೂ ಆವತ್ತು
ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಾನೆ.
ನಾನೋ, ಹೊಸ ಬೂಟಿನ ಪದಸಂಗ್ರಾಹಕ,
ಕಂಕುಳಲ್ಲಿ ನೋಟುಪುಸ್ತಕ,
ಮೂರೂವರೆಯ ಬಸ್ಸಿನೊಳಗೆ
ಮುಗಿಸಬೇಕಾದ ಎಂಬತ್ತು ಪ್ರಶ್ನೆ.

ನಾಲ್ಕು ಮರದ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ
ಥಿರ್ಜಾ ಬ್ಯಾರಕ್ಲಫ್ ಕೇಳಿದಳು:
"ಹಸುವಿಗೆ ನಾವು ಏನಂತೀವಿ ಅಂತ ತಿಳಕೊಳ್ಳೋಕೆ
ನಿನಗೆ ಸಂಬಳ ಬೇರೆ ಕೊಡ್ತಾರಾ?"

ಹಸು ದಾಟಿ, ಕೊಟ್ಟಿಗೆ ದಾಟಿ,
ಎಡಗೈಯವನಿಗಿರುವ ಏಳು ಹೆಸರು ದಾಟಿ
ಕೇಳಿದೆ: ಮಾಡುವ ಕೆಲಸ ಬಿಟ್ಟು
ಅದರ ಸುತ್ತಲೇ ಸುಳಿದಾಡುವುದಕ್ಕೆ?
ಅವಳು ನನಗೆ ಉತ್ತರ ಹೇಳಲಿಲ್ಲ. ಬಾಗಿಲ ಕಡೆ ತಿರುಗಿ
ಉತ್ತರವನ್ನೇ ಕೂಗಿದಳು:
"ಏಮಸ್! ಫ್ಯಾಫ್ ಮಾಡ್ಬೇಡ, ಬುಟ್ಟಿ ತಾ!"

ಬುಟ್ಟಿ ಬಂತು, ಬಹಳ ಹೊತ್ತಿಗೆ,
ಹೊತ್ತು ತಂದವನ ಜೊತೆಗೆ.
ಅದಕ್ಕೆ ಮೊದಲು ಅವನು ಬೂಟಿನ ದಾರ ಕಟ್ಟಿ,
ಬಿಚ್ಚಿ, ಮತ್ತೆ ಕಟ್ಟಿ,
ಬೆಕ್ಕಿಗೆ ಏನೋ ಹೇಳಿ,
ಮಳೆಯುಂಟೇ ಎಂದು ಮುಗಿಲಿಗೆ ಬೆರಳೆತ್ತಿದ್ದ.
ನನಗೆ "ಶು... ಶು..." ಎಂದ.
ಆ ಶುಭೋದಯ ಪೂರ್ತಿ ಉದಯಿಸುವುದರೊಳಗೆ
ಅವಳು ಎರಡು ದುಪ್ಪಟಿ ಹರವಿಯಾಗಿತ್ತು.

"ನಲವತ್ತು ವರ್ಷದಿಂದ ಹೀಗೇ.
ಮಿಲ್ಲಿಗೆ ಎರಡು ನಿಮಿಷ ತಡವಾದರೆ
ಗೇಟು ಬಿತ್ತು, ಅರ್ಧ ದಿನದ ಕೂಲಿ ಹೋಯ್ತು.
ಮಿಲ್ಲಿನ ಸೀಟಿಗೆ ಗೊತ್ತೇನು,
ಇವನ ಮಾತು ಗಂಟಲಲ್ಲಿ, ಕಾಲು ದಾರದಲ್ಲಿ
ಸಿಕ್ಕಿಕೊಂಡಿದೆ ಅಂತ?"

ಬುದ್ಧಿವಂತಿಕೆ ತೋರಿಸುವ ವಯಸ್ಸು ನನ್ನದು.
ಬೆನ್ನು ಹರಿದ ಹಳೆಯ ಪದಕೋಶ ತೆಗೆದು
ಪಾದ್ರಿಯ ದನಿಯಲ್ಲಿ ಓದಿದೆ:
ಮೊದಲಿಗೆ ಇದು ಗಾಳಿಯ ಕೆಲಸವಂತೆ,
ಒಂದೇ ಸಮ ಬೀಸದೆ
ಬಿಟ್ಟು ಬಿಟ್ಟು ಉಫ್ ಎನ್ನುವುದು.
ಹತ್ತಿರದ ನಂಟು ಇನ್ನೊಂದು, ಫ್ಯಾಫಲ್:
ಗಾಳಿ ಸಾಲದ ಹಾಯಿ ಪಟಪಟ ಬಡಿದುಕೊಳ್ಳುವುದು.
ಮತ್ತು
(ಇಲ್ಲಿ ನಿಲ್ಲಬೇಕಿತ್ತು, ಬೆರಳು ಮುಂದೋಡಿತು)
ತೊದಲುವುದು.
ಯಾವುದರಿಂದ ಯಾವುದು ಹುಟ್ಟಿತೋ, ಖಚಿತವಿಲ್ಲ;
ಪದಗಳಿಗೆ ಜನ್ಮಪತ್ರ ಬರೆದಿಡುವುದಿಲ್ಲ ಯಾರೂ.
ಬಹುಶಃ ತುಟಿಯಿಂದ ಹೊರಟ ಸದ್ದೇ ತಾಯಿ:
ಫ್... ಫ್...

ಬೋಳುಗುಡ್ಡದಿಂದ ಗಾಳಿ ಇಳಿಯಿತು.
ಹಗ್ಗದ ಮೇಲೆ ಏಮಸ್‌ನ ಅಂಗಿ ತೋಳೆರಡನ್ನೂ ಎತ್ತಿ
ಏನೋ ಹೇಳಹೊರಟು, ಸುಮ್ಮನಾಗಿ,
ಮತ್ತೆ ಹೊರಟಿತು.
ಥಿರ್ಜಾ ಬಾಯಿಂದ ಕ್ಲಿಪ್ಪು ತೆಗೆದಳು
ಒಂದೊಂದಾಗಿ, ನಾಲ್ಕನ್ನೂ.

"ಗಿಲ್ ಲೇನಿನ ಗೇಟಿನ ಹತ್ತಿರ," ಅಂದಳು,
ನನಗಲ್ಲ, ಆ ಅಂಗಿಗೆ,
"ಒಂದು ಮಾತು ಕೇಳೋಕೆ ಸಂಜೆಯೆಲ್ಲ ತಗೊಂಡ.
ಮೊದಲ ಅಕ್ಷರಕ್ಕೇ ನನಗೆ ಗೊತ್ತಾಗಿತ್ತು.
ಹೂಂ ಅಂದುಬಿಡಬಹುದಿತ್ತು.
ಅನ್ನಲಿಲ್ಲ.
ಬೀದಿದೀಪ ಹಚ್ಚುವವನು ಬಂದು ಹೋದ.
ಷೂ ಒಳಗೆ ಇಬ್ಬನಿ ಇಳಿಯಿತು.
ಅಷ್ಟು ಹೊತ್ತು ಯಾರೂ ನನಗೋಸ್ಕರ
ಒದ್ದಾಡಿರಲಿಲ್ಲ."

ಏಮಸ್ ಕೇಳಿಸಿಕೊಂಡನೋ ಇಲ್ಲವೋ.
ಕಾಲುಚೀಲ ಒಂದನ್ನು ಹಿಡಿದು
ಅದರ ಜೋಡಿ ಹುಡುಕುತ್ತಿದ್ದ,
ಜೋಡಿ ಅದೇ ಕೈಯಲ್ಲಿತ್ತು.
ಅವಳು ಬಾಯಿ ತೆರೆದಳು, ಹಳೆಯ ಚಾಳಿಯಂತೆ:
"ಫ್ಯಾ..."
ಅಲ್ಲಿಗೇ ಸಿಕ್ಕಿಕೊಂಡಳು.
ಅವನು ತಲೆಯೆತ್ತಿ, ಅವಸರಪಡದೆ,
ಉಳಿದದ್ದಕ್ಕೆ ಕಾದ.

ಮೂರೂವರೆಯ ಬಸ್ಸು ಇಳಿಜಾರಲ್ಲಿ
ಹಾರ್ನ್ ಹೊಡೆದು ಹೋಯಿತು.
ಅರವತ್ತೊಂದು ಪ್ರಶ್ನೆ ಖಾಲಿ.
ಆ ಪದದೆದುರು ಅರ್ಥದ ಜಾಗದಲ್ಲಿ
'ಕಾಲಹರಣ' ಎಂದು ಬರೆದು, ಹೊಡೆದುಹಾಕಿ,
ಪೆನ್ಸಿಲ್ ಚೂಪು ಮಾಡಿದೆ.
ಚೂಪಾಗಿಯೇ ಇದ್ದದ್ದನ್ನು
ಇನ್ನೊಮ್ಮೆ ಚೂಪು ಮಾಡಿದೆ.
ಒಳಗೆ ಕೆಟಲ್ಲು ಕುದಿಯಹತ್ತಿತು,
ಯಾರೂ ಏಳಲಿಲ್ಲ.